ಕಪ್ಪು ನಮ್ದೇ

ಬೆಣ್ಣೆಕಟ್ಟೆಯ ಏಕಾಂತಯ್ಯನವರು ಯಾವ ಆಟವನ್ನಾದರೂ ನೋಡುತ್ತಿದ್ದರು, ಆದರೆ ಪೈಕಿ ಗೊತ್ತಾಗದೆ ಯಾರ ಕಡೆಗೂ ಸೇರುತ್ತಿರಲಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ನಿನ್ನ ಜಾತಿ ಯಾವುದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಷ್ಟು ಮರ್ಯಾದೆ ಎಲ್ಲರಿಗೂ ಇದೆ. "ತಾವು ಯಾವ ಪೈಕಿ?" ಎಂದು ಕೇಳುತ್ತಾರೆ. ಕೇಳುವವರೂ ನಗುತ್ತಾರೆ, ಹೇಳುವವರೂ ನಗುತ್ತಾರೆ, ಬಂದವನನ್ನು ಒಳಗೆ ಕೂರಿಸಬೇಕೋ ಜಗಲಿಯಲ್ಲೇ ಮಾತಾಡಿಸಿ ಕಳಿಸಬೇಕೋ ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಏಕಾಂತಯ್ಯನವರು ಈ ಪ್ರಶ್ನೆಯನ್ನು ಟೀವಿಗೂ ಕೇಳುತ್ತಿದ್ದರು. ಕ್ರಿಕೆಟ್ಟಿನಲ್ಲಿ ಹೊಸ ಹುಡುಗನೊಬ್ಬ ಬ್ಯಾಟು ಹಿಡಿದು ಬಂದರೆ ಅವನ ಊರು, ಅಪ್ಪನ ಹೆಸರು, ಕೊರಳಿನ ದಾರ ಎಲ್ಲ ವಿಚಾರಿಸಿ, ನಮ್ಮ ಪೈಕಿಗೆ ಎಷ್ಟು ಹತ್ತಿರ ಬರುತ್ತಾನೆಂದು ನೋಡಿ, ಆಮೇಲೆ ಚಪ್ಪಾಳೆ. ಎರಡೂ ಕಡೆ ಪರದೇಶದವರೇ ಆಡುವ ದಿನ ಮಾತ್ರ ತೊಡಕಾಗುತ್ತಿತ್ತು. ಆಗ ಬೆಳ್ಳಗಿರುವವರ ಕಡೆ. "ನೋಡಾಕಾದ್ರೂ ಲಕ್ಷಣವಾಗವ್ರೆ ಬುಡು" ಎನ್ನುತ್ತಿದ್ದರು. ಹಾಗೆನ್ನುವ ಏಕಾಂತಯ್ಯನವರೇನು ಬೆಳ್ಳಗಿದ್ದರೇ? ಅವರ ಹಣೆಯ ವಿಭೂತಿ ಊರಾಚೆಯಿಂದಲೇ ಎದ್ದು ಕಾಣುತ್ತಿತ್ತು. ಹಿಂದಿನ ಬಣ್ಣ ಅಂಥದ್ದು.

ಊರಿನ ಕಬಡ್ಡಿ ತಂಡಕ್ಕೆ ಅವರೇ ಅಧ್ಯಕ್ಷರು, ಆಟದ ದಿನ ಮೈಕು ಹಿಡಿಯುವವರೂ ಅವರೇ. ಹೋದ ವರ್ಷದ ಫೈನಲ್ಲಿನಲ್ಲಿ ಮಾಯಸಂದ್ರದ ತಂಡ ಇವರಿಗೆ ಮಣ್ಣು ಮುಕ್ಕಿಸಿತ್ತು. ಆ ತಂಡ ಕಟ್ಟಿದ ಶಿವಮೂರ್ತಿ ಎಂಬಾತ, ನಾರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಬಿಹಾರದ ಹುಡುಗರಿಬ್ಬರನ್ನು ಸೇರಿಸಿಕೊಂಡಿದ್ದ. ಸೋತ ಹೊಟ್ಟೆಯುರಿಯಲ್ಲಿ ಏಕಾಂತಯ್ಯನವರು ಮೈಕಿನಲ್ಲೇ ಹೇಳಿಬಿಟ್ಟರು: "ಇದು ಮಾಯಸಂದ್ರದ ಟೀಮೋ ಪಾಟ್ನಾದ ಟೀಮೋ ಅನ್ನೋದ್ನ ಶಿವಮೂರ್ತಿನೇ ಹೇಳ್ಬೇಕು. ನಾವು ಗೆದ್ರೂ ನಮ್ಮೋರಿಂದ್ಲೇ ಗೆಲ್ತೀವಿ, ಸೋತ್ರೂ ನಮ್ಮೋರಿಂದ್ಲೇ ಸೋಲ್ತೀವಿ." ದಾಯಾದಿಗಳಲ್ಲೆಲ್ಲ ಹಿರಿಯರಾದ ಹುಳಿಯಾರಿನ ತೋಂಟದಾರ್ಯನವರಿಗೆ ಈ ಮಾತು ಬಹಳ ಹಿಡಿಸಿತು. "ಮಾತು ಅಂದ್ರೆ ಇದು ಕಣಯ್ಯ ಏಕಾಂತ. ಬರೋ ವರ್ಷ ನಮ್ಮೋರ್ನೆಲ್ಲ ಟೆಂಪೋ ಮಾಡ್ಕಂಡು ಕರ್ಕಬತ್ತೀನಿ. ನಮ್ಮೋರಿಂದ್ಲೇ ಗೆದ್ದು ತೋರ್ಸು" ಎಂದರು. ಏಕಾಂತಯ್ಯನವರು ಎದೆ ಉಬ್ಬಿಸಿ ಒಪ್ಪಿಕೊಂಡರು. ಮನೆಗೆ ಬಂದು ತಮ್ಮ ತಂಡದ ಹುಡುಗರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡ ಮೇಲೆ ಆ ಉಬ್ಬು ಇಳಿಯಿತು.

ಆದ್ದರಿಂದ ಈ ವರ್ಷ, ಪಂದ್ಯಕ್ಕೆ ಸ್ವಲ್ಪ ಮುಂಚೆ, ತಮ್ಮನ ಮಗ ಭುವನ್ ಫೋನು ಮಾಡಿ ಒಬ್ಬ ರೈಡರ್ ಸಿಕ್ಕಿದ್ದಾನೆ ಎಂದಾಗ ಅವರಿಗೆ ಹೋದ ಜೀವ ಬಂದಂತಾಯಿತು. ಭುವನ್ ತಂಡದ ಕ್ಯಾಪ್ಟನ್. ಎಲ್ಲೋ ಧಾರವಾಡದ ಪಂದ್ಯದಲ್ಲಿ ಈ ಆಸಾಮಿಯ ಆಟ ನೋಡಿ ಬೆರಗಾಗಿದ್ದ. ಏಕಾಂತಯ್ಯನವರು ಅಂಗಳದಲ್ಲಿ ಕೊಬ್ಬರಿ ಸುಲಿಸುತ್ತ ನಿಂತಿದ್ದರು. ಪಕ್ಕದಲ್ಲಿ ಮಟ್ಟೆ ತುಂಬಿದ ಟ್ರಾಕ್ಟರು ಗುಡುಗುತ್ತಿತ್ತು.

"ಹೆಸ್ರೇನ್ಲಾ?"

"ಮಂಜುನಾಥ ಸಿದ್ದಿ ಅಂತ ದೊಡ್ಡಪ್ಪ. ಹಳಿಯಾಳದ ಕಡೆಯೋನು."

"ಸಿದ್ದಯ್ಯನಾ?"

"ಸಿದ್ದಿ, ಸಿದ್ದಿ."

"ಅದೇ ಕಣ್ಲಾ, ಸಿದ್ದಯ್ಯ. ಈಬತ್ತಿ ಹಚ್ತಾರೆ ತಾನೆ?"

ಭುವನ್, "ಹಚ್ಚಿದ್ರೆ ಬ್ಯಾಡ ಅನ್ನಾಕಿಲ್ಲ ದೊಡ್ಡಪ್ಪ" ಎಂದ. ಇದನ್ನು ಏಕಾಂತಯ್ಯನವರು ಹೌದು ಎಂದೇ ಕೇಳಿಸಿಕೊಂಡರು. ಅವರ ತಪ್ಪು ಎನ್ನುವಂತೆಯೂ ಇಲ್ಲ. ಎಡೆಯೂರು ಸಿದ್ಧಲಿಂಗೇಶ್ವರನ ಒಕ್ಕಲು ತುಂಬಿದ ಸೀಮೆ ಇದು. ಮನೆಗೊಬ್ಬ ಸಿದ್ದಲಿಂಗಯ್ಯ, ಬೀದಿಗೊಬ್ಬ ಸಿದ್ದರಾಮಣ್ಣ, ಬಾವಿಕಟ್ಟೆಗೊಬ್ಬಳು ಸಿದ್ದಗಂಗಮ್ಮ. ಸಿದ್ದ ಎಂದಮೇಲೆ ಇನ್ಯಾರು, ನಮ್ಮ ಪೈಕಿಯೇ. ಅದೇ ದಿನ ತಿಪಟೂರಿಗೆ ಹೋಗಿ ಬಸ್ ಸ್ಟಾಪಿನ ಉದ್ದಕ್ಕೂ ಕಟ್ಟುವಷ್ಟು ದೊಡ್ಡ ಬ್ಯಾನರು ಮಾಡಿಸಿಕೊಂಡು ಬಂದರು: 'ದಾಳಿಯ ಹುಲಿ ಮಂಜುನಾಥ ಸಿದ್ದಯ್ಯ ಅವರಿಗೆ ಸುಸ್ವಾಗತ. ಈ ಸಲ ಕಪ್ಪು ನಮ್ದೇ.' ಹುಳಿಯಾರಿಗೂ ಫೋನು ಹೋಯಿತು. ನಮ್ಮ ಪೈಕಿ ಹುಡುಗ, ಊಟ ವಸತಿ ನಮ್ಮ ಮನೆಯಲ್ಲೇ, ನೀವು ಎರಡು ದಿನ ಮೊದಲೇ ಬಂದುಬಿಡಿ ಎಂದು.

ಬಂದರು. ತೋಂಟದಾರ್ಯನವರ ಕೈಯಲ್ಲಿ ಹಾರ, ಬ್ಯಾನರಿನ ಕೆಳಗೆ ಊರಿನ ಹೈಕಳು, ತಮಟೆ. ಬಸ್ಸು ನಿಂತಿತು. ಮೊದಲು ಕುಕ್ಕೆ ಹೊತ್ತ ಮುದುಕಿಯೊಬ್ಬಳು ಇಳಿದಳು. ಅವಳ ಹಿಂದೆ ಬಾಗಿಲಿಗೆ ತಲೆ ತಾಕದಂತೆ ಬಗ್ಗಿಕೊಂಡು ಒಬ್ಬ ಇಳಿದ. ಎತ್ತರದ ಆಳು, ಒತ್ತಾದ ಗುಂಗುರು ಕೂದಲು, ಏಕಾಂತಯ್ಯನವರೂ ಪಕ್ಕದಲ್ಲಿ ನಿಂತರೆ ಬೆಳ್ಳಗೆ ಕಾಣಬೇಕು, ಅಂಥ ಕಪ್ಪು. ಎಲ್ಲರೂ ಅವನ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ಬಸ್ಸಿನೊಳಗೆ ಇಣುಕಿದರು. ಬಸ್ಸು ಹೊರಟೇಹೋಯಿತು.

"ನಮಸ್ಕಾರ್ರಿ. ನಾ ಮಂಜುನಾಥ" ಎಂದ ಅವನು.

ತಮಟೆ ನಿಂತಿತು. "ಆಫ್ರಿಕಾದೋನು ಕಣ್ಲಾ, ಕನ್ನಡ ಕಲ್ತವ್ನೆ" ಎಂದು ಯಾರೋ ಪಿಸುಗುಟ್ಟಿದರು. ಹಿಂದಿದ್ದ ಹೈಕಳು ಮುಂದೆ ನಡೆದದ್ದು ಕಾಣದೆ, ಹೇಳಿಕೊಟ್ಟಂತೆ ಒಟ್ಟಿಗೆ ಕೂಗಿದರು: "ಈ ಸಲ ಕಪ್ಪು ನಮ್ದೇ." ಆಮೇಲೆ ಮುಂದೆ ಬಂದು ನೋಡಿ ಬಾಯಿ ಮುಚ್ಚಿಕೊಂಡರು. ಮಂಜುನಾಥ ತಲೆಯೆತ್ತಿ ಬ್ಯಾನರನ್ನು ಪೂರ್ತಿ ಓದಿದ. ಅವನ ತುಟಿಯ ತುದಿ ನಕ್ಕಂತಿತ್ತು. "ಯಜಮಾನ್ರ, ಹೆಸರು ಸಿದ್ದಿ ಅಂತ್ರಿ. ಸಿದ್ದಯ್ಯ ಅಲ್ಲ" ಎಂದ.

ಏಕಾಂತಯ್ಯನವರ ತಲೆಯ ಮೇಲೆ ಬ್ಯಾನರು, ಎದುರಿಗೆ ದಾಯಾದಿಗಳು. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ತೋಂಟದಾರ್ಯನವರ ಕೈಯಿಂದ ಹಾರ ಕಿತ್ತುಕೊಂಡು ತಾವೇ ಹಾಕಿ, "ಬಾರಪ್ಪ ಸಿದ್ದಯ್ಯ" ಎಂದು ಗಟ್ಟಿಯಾಗಿ ಕರೆದರು. ಮನೆಯ ದಾರಿಯಲ್ಲಿ ತೋಂಟದಾರ್ಯನವರು ಪಕ್ಕಕ್ಕೆ ಎಳೆದು, "ಏನಯ್ಯ ಇದು ಬಣ್ಣ?" ಎಂದರು.

"ಆ ಕಡೆ ಬಿಸ್ಲು ಜಾಸ್ತಿ ಕಣಣ್ಣ."

"ಕೂದ್ಲು?"

"ಗಡಸು ನೀರು."

ತೋಂಟದಾರ್ಯನವರು ತುಸು ಯೋಚಿಸಿ, ಹುಳಿಯಾರಿನ ಬೋರ್‌ವೆಲ್ಲಿನ ನೀರೂ ಗಡಸೇ ಎಂದು ನೆನೆಸಿಕೊಂಡು, ತಮ್ಮ ತಲೆಯನ್ನೊಮ್ಮೆ ಸವರಿಕೊಂಡರು. ನಂಬಿದರೆಂದಲ್ಲ. ನಂಬದಿದ್ದರೆ ಮಾಡಬೇಕಾದ ಜಗಳ ದೊಡ್ಡದಿತ್ತು, ಕಪ್ಪಿನ ಆಸೆಯೂ ಇತ್ತು.

ಆ ಎರಡು ದಿನ ಮಂಜುನಾಥ ನಡುಮನೆಯಲ್ಲಿ, ಏಕಾಂತಯ್ಯನವರ ಪಕ್ಕದ ಎಲೆಯಲ್ಲೇ ಉಂಡ. ಬಡಿಸುತ್ತಿದ್ದ ಅವರ ಹೆಂಡತಿ ದ್ರಾಕ್ಷಾಯಣಮ್ಮನಿಗೆ ಅವನು ಮುದ್ದೆ ಮುರಿಯುವ ರೀತಿ ನೋಡಿಯೇ ಇಷ್ಟವಾಗಿತ್ತು. ಕೇಳಿದಷ್ಟು ಸಾರು ಹಾಕುತ್ತ, "ನಿಮ್ಮೋರು ಎಲ್ಲಿಂದ ಬಂದ್ರಪ್ಪ?" ಎಂದು ಕೇಳಿದರು.

"ನಾವು ಸಿದ್ದಿ ಮಂದಿರಿ. ಹಿಂದಕ ಯಾವ ಕಾಲದಾಗೋ ಆಫ್ರಿಕಾದಿಂದ ಹಡಗದಾಗ ತಂದು ಬಿಟ್ರಂತ್ರಿ. ನಮ್ಮಜ್ಜಿಯ ಅಜ್ಜಿ ಸೈತ ಹಳಿಯಾಳದ ಕಾಡ್ನಾಗ ಹುಟ್ಟಿದಾಕಿ. ನಿಮ್ಮೋರು ಎಲ್ಲಿಂದ ಬಂದ್ರಿ ಅಮ್ಮಾ?"

"ನಮ್ಮೋರನ್ನ ಯಾರೂ ತಂದು ಬುಡ್ಲಿಲ್ಲ, ತಾವೇ ಬಂದ್ರು ಅಂತಾರೆ. ಎಲ್ಲಿಂದ ಅಂತ ಇವ್ರಿಗೇ ಗೊತ್ತಿಲ್ಲ" ಎಂದು ಗಂಡನ ಕಡೆ ನೋಡಿದರು. ಏಕಾಂತಯ್ಯನವರು ಈ ಮಾತು ಕೇಳಿಸದಷ್ಟು ಜೋರಾಗಿ ಮಜ್ಜಿಗೆ ಹೀರಿದರು. ಆಮೇಲೆ ಅಡುಗೆಮನೆಗೆ ಹೋಗಿ, "ಅವ್ನು ಏನಾರ ಅಂದ್ಕಳ್ಲಿ, ನಿನಗೆ ಸಿದ್ದಯ್ಯ ಕಣೇ" ಎಂದು ತಾಕೀತು ಮಾಡಿದರು. "ನನಗ್ಯಾಕೆ ಹೇಳ್ತೀರಿ, ನಾನೇನು ಅವ್ನ ಹೆಸ್ರು ತಿರುಚಿದೀನಾ" ಎಂದರು ದ್ರಾಕ್ಷಾಯಣಮ್ಮ.

ಸಂಜೆ ಶಾಲೆಯ ಬಯಲಿನಲ್ಲಿ ಅಭ್ಯಾಸ. ಏಕಾಂತಯ್ಯನವರು ಎಲೆಯಡಿಕೆ ಹಾಕಿಕೊಂಡು ನೋಡಲು ಕೂತರು. ಆ ಹುಡುಗ ಗೆರೆ ದಾಟಿ ಹೋದರೆ ಎದುರಿನವರು ಅವನ ಕಾಲು ಹಿಡಿಯಬೇಕೋ ತಮ್ಮ ಮಾನ ಹಿಡಿದುಕೊಳ್ಳಬೇಕೋ ತಿಳಿಯದೆ ಚದುರಿ ಹೋಗುತ್ತಿದ್ದರು. ಇಬ್ಬರು ಸೊಂಟಕ್ಕೆ ಜೋತುಬಿದ್ದರೂ ಇಬ್ಬರನ್ನೂ ಎಳೆದುಕೊಂಡೇ ಬಂದು ಗೆರೆ ಮುಟ್ಟುತ್ತಿದ್ದ. ಏಕಾಂತಯ್ಯನವರಿಗೆ ತಾವು ಎದ್ದು ನಿಂತದ್ದು ತಿಳಿಯಲಿಲ್ಲ, ಎಲೆಯಡಿಕೆಯ ರಸ ಅಂಗಿಯ ಮೇಲೆ ಸೋರಿದ್ದೂ ತಿಳಿಯಲಿಲ್ಲ. ಎರಡು ಕೈಯನ್ನೂ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಅವರ ಜನ್ಮದಲ್ಲಿ ಪೈಕಿ ನೋಡದೆ ತಟ್ಟಿದ ಮೊದಲ ಚಪ್ಪಾಳೆ ಅದೇ ಇರಬೇಕು. ಹುಡುಗನ ಮೇಲೆ ನಿಜವಾಗಿಯೂ ಪ್ರೀತಿ ಬಂದುಬಿಟ್ಟಿತು, ಸುಳ್ಳು ಹೇಳಿದವರಿಗೂ ಪ್ರೀತಿ ಬರುತ್ತದೆ.

ಫೈನಲ್ಲಿನ ದಿನ ಬೆಳಿಗ್ಗೆ ಮಂಜುನಾಥ ಬಂದು ಎದುರಿಗೆ ನಿಂತ.

"ಯಜಮಾನ್ರ, ಒಂದು ಮಾತು. ಆಟ ಫೋನ್ಯಾಗ ಲೈವ್ ಬರ್ತದಂತ. ನಮ್ಮ ಕೇರ್ಯಾಗ ಎಲ್ಲಾರೂ ನೋಡ್ತಾರ, ನಮ್ಮವ್ವಾನೂ ನೋಡ್ತಾಳ. ಮೈಕಿನ್ಯಾಗ ನನ್ನ ಹೆಸರು ಸರಿ ಹೇಳ್ರಿ. ಬ್ಯಾನರ್ ಹ್ಯಾಂಗರ ಇರ್ಲಿ."

"ಆಗ್ಲಿ ಬುಡಪ್ಪ" ಎಂದರು ಏಕಾಂತಯ್ಯನವರು.

ನಮ್ಮ ಕಡೆ 'ಆಗ್ಲಿ ಬುಡು' ಎಂದರೆ ಆಗುತ್ತದೆ ಎಂದು ಅರ್ಥವಲ್ಲ. ಈ ಮಾತು ಇಲ್ಲಿಗೆ ನಿಲ್ಲಿಸು ಎಂದರ್ಥ. ಪಾಪ, ಹಳಿಯಾಳದವನಿಗೆ ಅದು ಗೊತ್ತಿರಲಿಲ್ಲ, ಕೈಮುಗಿದು ಹೋದ.

ಹನ್ನೊಂದರ ಬಿಸಿಲು. ಎದುರಿಗೆ ಅದೇ ಮಾಯಸಂದ್ರ, ಅದೇ ಶಿವಮೂರ್ತಿ, ಅದೇ ಬಿಹಾರದ ಹುಡುಗರು. ಶಾಮಿಯಾನದ ಮುಂದಿನ ಸಾಲಿನಲ್ಲಿ ತೋಂಟದಾರ್ಯನವರೂ ಉಳಿದ ದಾಯಾದಿಗಳೂ ಶಲ್ಯ ಹೊದ್ದು ಕೂತಿದ್ದರು. ಏಕಾಂತಯ್ಯನವರು ಮೈಕು ಹಿಡಿದು, ಮುಂದಿನ ಸಾಲಿನತ್ತ ಒಮ್ಮೆ ನೋಡಿ, "ಈಗ ದಾಳಿಗೆ ಹೋಗುತ್ತಿರುವವರು ಬೆಣ್ಣೆಕಟ್ಟೆಯ ಹೆಮ್ಮೆಯ ಮಂಜುನಾಥ ಸಿದ್ದಯ್ಯನವರು" ಎಂದರು.

ಗೆರೆಯ ಮೇಲೆ ನಿಂತಿದ್ದ ಮಂಜುನಾಥ ತಿರುಗಿ ಮೈಕಿನ ಕಡೆ ನೋಡಿದ. ಆಮೇಲೆ ಒಳಗೆ ನುಗ್ಗಿದ. ಒಬ್ಬನ ಹೆಗಲು ಮುಟ್ಟಿದ, ಇನ್ನೊಬ್ಬನ ಮೊಣಕಾಲು ಮುಟ್ಟಿದ, ಜಿಂಕೆ ಹಾರಿದಂತೆ ಹಾರಿ ವಾಪಸು ಬಂದ. ಬೆಣ್ಣೆಕಟ್ಟೆಯವರು ಕುಣಿಯುವುದಕ್ಕೆ ಕಾಲೆತ್ತಿದರು. ಅಷ್ಟರಲ್ಲಿ ಅಂಪೈರ್ ರಂಗನಾಥ್ ಮೇಷ್ಟ್ರು ಪೀಪಿ ಊದಿದರು. ಔಟು ಇಲ್ಲ, ಪಾಯಿಂಟು ಮಾಯಸಂದ್ರಕ್ಕೆ.

"ಯಾಕ್ಸಾ?" ಎಂದು ಭುವನ್ ಓಡಿಬಂದ.

"ರೈಡಿಗೆ ಹೋದೋನು ಕಬಡ್ಡಿ ಕಬಡ್ಡಿ ಅನ್ಬೇಕು. ಇವ್ನು ಸಿದ್ದಿ ಸಿದ್ದಿ ಅಂತವ್ನೆ."

ಜನಕ್ಕೆ ಆಗ ಅರ್ಥವಾಯಿತು. ಮುಂದಿನ ಸಲ ಎಲ್ಲರೂ ಕಿವಿಗೊಟ್ಟು ಕೇಳಿದರು. ಏಕಾಂತಯ್ಯನವರು ಮತ್ತೆ ಸಿದ್ದಯ್ಯನೆಂದರು. ಹುಡುಗ ಉಸಿರು ಕಟ್ಟಿ, ಒಂದೇ ಸಮನೆ, "ಸಿದ್ದಿಸಿದ್ದಿಸಿದ್ದಿಸಿದ್ದಿ" ಎನ್ನುತ್ತ ಒಳಹೊಕ್ಕು, ಮೂವರನ್ನು ಮುಟ್ಟಿ ಬಂದ. ಪೀಪಿ. ಪಾಯಿಂಟು ಮಾಯಸಂದ್ರಕ್ಕೆ. ಇನ್ನೊಂದು ಸಲ, ಅದೇ ಕತೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತಂಟೆಯೂ ಇರಲಿಲ್ಲ. ಹೆಸರು ಕೇಳಿದವರಿಗೆ ಹೆಸರು ಹೇಳುವವನ ಹಾಗೆ ಹೇಳುತ್ತಿದ್ದ. ಮಾಯಸಂದ್ರದ ಕಡೆಯಿಂದ ಶಿವಮೂರ್ತಿ ಎದ್ದು ನಿಂತು, "ಏಕಾಂತಣ್ಣ, ಕಪ್ಪು ನಮ್ದೇ ಅಂತ ಬ್ಯಾನರ್ ಬರ್ಸಿದೀರಲ್ಲ, ಅದುನ್ನೇ ಮೈಕಲ್ಲೂ ಒಪ್ಕಳಿ" ಎಂದು ಕೂಗಿದ. ಇಡೀ ಬಯಲು ನಕ್ಕಿತು. ಬಿಹಾರದ ಹುಡುಗರು ಸಹ ನಕ್ಕರು, ಅವರಿಗೆ ಅಷ್ಟು ಕನ್ನಡ ಬಂದಿತ್ತು.

ಭುವನ್ ಮೈಕಿನ ಹತ್ತಿರ ಬಂದು ಬೆವರು ಒರೆಸಿಕೊಂಡ. "ದೊಡ್ಡಪ್ಪ, ಅವ್ನ ಹೆಸ್ರು ಹೇಳ್ಬುಡಿ. ಇಲ್ದಿದ್ರೆ ಸೋತ್ವಿ."

"ಹೇಳಿದ್ರೆ ಮುಂದ್ಗಡೆ ಕೂತಿರೋರು ಎದ್ದು ಹೋಯ್ತಾರೆ ಕಣ್ಲಾ. ನನ್ನ ಮಾತಿಗೆ ಏನು ಬೆಲೆ ಉಳೀತದೆ?"

"ಹೇಳ್ದಿದ್ರೆ ಮಾಯಸಂದ್ರದೋರು ಗೆಲ್ತಾರೆ."

ಏಕಾಂತಯ್ಯನವರು ಮುಂದಿನ ಸಾಲು ನೋಡಿದರು, ಶಿವಮೂರ್ತಿಯ ಹಲ್ಲು ನೋಡಿದರು. ಒಂದು ಕಡೆ ದಾಯಾದಿಗಳು, ಇನ್ನೊಂದು ಕಡೆ ಮಾಯಸಂದ್ರ. ನಡುವೆ ಆ ಹುಡುಗ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಉಸಿರು ತಹಬಂದಿಗೆ ತಂದುಕೊಳ್ಳುತ್ತ ಇವರನ್ನೇ ನೋಡುತ್ತಿದ್ದ. ಆಟ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಕಡೆಗೆ ಗೆದ್ದದ್ದು ನ್ಯಾಯವೂ ಅಲ್ಲ, ಹುಡುಗನ ಮೇಲಿನ ಪ್ರೀತಿಯೂ ಅಲ್ಲ, ಶಿವಮೂರ್ತಿಯ ಹಲ್ಲು. ಮೈಕನ್ನು ಬಾಯಿಗೆ ಹತ್ತಿರ ತಂದು, ಕಣ್ಣು ಮುಚ್ಚಿಕೊಂಡು, "ಈಗ ದಾಳಿಗೆ ಹೋಗುತ್ತಿರುವವರು ಹಳಿಯಾಳದ ಮಂಜುನಾಥ ಸಿದ್ದಿ" ಎಂದರು. ಸಾಲದೆಂದು ಇನ್ನೊಮ್ಮೆ, "ಸಿದ್ದಿ" ಎಂದರು.

ಹುಡುಗ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. "ಕಬಡ್ಡಿ ಕಬಡ್ಡಿ ಕಬಡ್ಡಿ" ಎಂದ. ಅದಾದ ಮೇಲೆ ನಡೆದದ್ದನ್ನು ಆಟ ಎನ್ನುವುದಕ್ಕಿಂತ ಕಣ ಬಡಿದದ್ದು ಎನ್ನಬೇಕು. ಒಂದೊಂದು ರೈಡಿಗೆ ಇಬ್ಬರು ಮೂವರನ್ನು ಹೊರಗೆ ಕೂರಿಸಿದ. ಕೊನೆಯ ಪೀಪಿ ಊದುವಾಗ ಬೆಣ್ಣೆಕಟ್ಟೆ ಮುಂದಿತ್ತು. ಊರು ಹುಚ್ಚೆದ್ದು ಅವನನ್ನು ಹೆಗಲ ಮೇಲೆ ಹೊತ್ತುಕೊಂಡಿತು. ಏಕಾಂತಯ್ಯನವರ ಕಣ್ಣಲ್ಲೂ ನೀರು ಬಂತು. ತಾವು ಎಂಥ ದೊಡ್ಡ ಮನಸ್ಸಿನವರೆಂದು ಅವರಿಗೆ ಆ ದಿನವೇ ಗೊತ್ತಾದದ್ದು. ಮನೆಯವರೆಗೂ ಆ ಹೆಮ್ಮೆಯಲ್ಲೇ ನಡೆದರು.

ಮನೆಯಲ್ಲಿ ನಡುಮನೆಯ ಉದ್ದಕ್ಕೂ ಎಲೆ ಹಾಕಿತ್ತು. ಹೋಳಿಗೆ, ಚಿತ್ರಾನ್ನ, ಗಸಗಸೆ ಪಾಯಸ. ಆದರೆ ದಾಯಾದಿಗಳು ಯಾರೂ ಎಲೆಯ ಮುಂದೆ ಕೂತಿರಲಿಲ್ಲ. ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ತೋಂಟದಾರ್ಯನವರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು, ಶಲ್ಯದ ತುದಿಯಿಂದ ಒರೆಸುತ್ತಿದ್ದರು.

"ಗೆದ್ದಿದ್ದು ಬಾಳ ಸಂತೋಷ ಏಕಾಂತ" ಎಂದರು. "ಮೈಕಲ್ಲಿ ಅದೇನೋ ಅಂದ್ಯಲ್ಲ, ಬಾಯ್ತಪ್ಪಿ ಅಂದಿದ್ದು ತಾನೆ?"

ಏಕಾಂತಯ್ಯನವರು ಬಗ್ಗಿ ಚಪ್ಪಲಿ ಬಿಡತೊಡಗಿದರು.

"ಬಾಯ್ತಪ್ಪಿದ್ದಾದ್ರೆ ಎಲ್ರೂ ಉಣ್ಣಾನ. ಬಿಸ್ಲಲ್ಲಿ ಕೂಗಿ ಕೂಗಿ ಯಾರಿಗಾದ್ರೂ ತಪ್ತದೆ. ಇಲ್ಲ ಅಂದ್ರೆ ನಮ್ಮ ಟೆಂಪೋ ಇಲ್ಲೇ ನಿಂತೈತೆ."

ಏಕಾಂತಯ್ಯನವರು ಹಿತ್ತಲಿಗೆ ಹೋದರು. ಮಂಜುನಾಥ ತೊಟ್ಟಿಯ ಹತ್ತಿರ ಕೈಕಾಲು ತೊಳೆದುಕೊಂಡು ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ದ್ರಾಕ್ಷಾಯಣಮ್ಮ ಹೋಳಿಗೆಗೆ ತುಪ್ಪ ಹಾಕುತ್ತಿದ್ದರು. ಇವರನ್ನು ಕಂಡದ್ದೇ ಹುಡುಗ, "ಅವ್ವ ಫೋನ್ ಮಾಡಿದ್ಲರಿ. ಹೆಸರು ಕೇಳಿ ಅತ್ಲಂತ" ಎಂದ.

"ಸಂತೋಷ ಕಣಪ್ಪ." ಏಕಾಂತಯ್ಯನವರು ಅವನ ಕೈ ಹಿಡಿದುಕೊಂಡರು. "ನಿನ್ನ ಮಾತು ನಾನು ನಡ್ಸಿಕೊಟ್ಟೆ. ಈಗ ನನ್ನದೊಂದು ನಡ್ಸು. ಊಟದ ಹೊತ್ತಿಗೆ ಮಾತ್ರ ಸಿದ್ದಯ್ಯ ಆಗ್ಬುಡು. ಯಾರೂ ನಿನ್ನ ಏನೂ ಕೇಳಾಕಿಲ್ಲ, ನೀನೂ ಏನೂ ಹೇಳಬ್ಯಾಡ, ಅಷ್ಟೇಯ. ಕೈ ತೊಳ್ಕಂಡ ಮೇಲೆ ನೀನು ಏನಾರ ಆಗು."

ಮಂಜುನಾಥ ಅವರನ್ನೇ ನೋಡಿದ. ಆಟದಲ್ಲಿ ಬಿದ್ದು ಏಳುವಾಗಲೂ ಆ ಮುಖ ಅಷ್ಟು ದಣಿದಿರಲಿಲ್ಲ. "ಯಜಮಾನ್ರ" ಎಂದ, "ಹಸಿವಿ ಆಗಿದ್ದು ಸಿದ್ದಿಗೆರಿ. ಸಿದ್ದಯ್ಯ ಉಂಡ್ರ ನನ್ನ ಹೊಟ್ಟಿ ತುಂಬ್ತದೇನ್ರಿ?"

ಹುಡುಗ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ, ಬ್ಯಾಗು ಹೆಗಲಿಗೇರಿಸಿದ, ಕಿಟಕಿಯ ಕಡೆಗೂ ಇವರ ಕಡೆಗೂ ಕೈಮುಗಿದ. ತಿಪಟೂರಿಗೆ ಹೋದರೆ ಹುಬ್ಬಳ್ಳಿಯ ರೈಲು ಸಿಗುತ್ತದೆ ಎಂದು ಹೇಳಿ ಹಿತ್ತಲ ದಾರಿಯಲ್ಲಿ, 'ಬೇಲಿ ದಣಪೆ ಹಾಕ್ಕೊಂಡು ಹೋಗ್ತೀನ್ರಿ, ಇಲ್ಲಾಂದ್ರ ದನ ಹೊಕ್ಕಾವು' ಎನ್ನುತ್ತ ಹೊರಟುಹೋದ.

ಏಕಾಂತಯ್ಯನವರು ಜಗಲಿಗೆ ಬಂದರು. "ಹುಡುಗಂಗೆ ಬಸ್ಸಿಗೆ ಹೊತ್ತಾಯ್ತಂತೆ" ಎಂದರು.

"ಹೋಗ್ಲಿ ಬುಡು, ಪಾಪ. ದೂರದ ದಾರಿ. ಬಾಯ್ತಪ್ಪಿದ್ದು ತಾನೆ?"

"ಹ್ಞೂಂ" ಎಂದರು ಏಕಾಂತಯ್ಯನವರು.

ಎಲ್ಲರೂ ಸಂತೋಷವಾಗಿ ಒಳಗೆ ಬಂದು ಕೂತರು. ಏಕಾಂತಯ್ಯನವರ ಪಕ್ಕದ ಎಲೆ ಖಾಲಿ ಇತ್ತು. ತೋಂಟದಾರ್ಯನವರು ಕಾಲು ಅಗಲಿಸಿಕೊಂಡು ಆ ಜಾಗಕ್ಕೂ ಸರಿದರು. ಹೋಳಿಗೆ ಬಂತು, ಪಾಯಸ ಬಂತು. ಬಡಿಸುತ್ತಿದ್ದವಳು ಭುವನ್‌ನ ತಾಯಿ. "ದ್ರಾಕ್ಷಾಯಣಿ ಎಲ್ಲವ್ವಾ?" ಎಂದು ಏಕಾಂತಯ್ಯನವರು ಮೆಲ್ಲಗೆ ಕೇಳಿದರು. "ಅಕ್ಕ ಕ್ಯಾರಿಯರ್‌ಗೆ ತುಂಬ್ಕಂಡು ಬಸ್ ಸ್ಟಾಪಿಗೆ ಹೋದ್ರು ಭಾವ. ಹಸ್ಕಂಡು ಹೋಯ್ತಾ ಅವ್ನೆ ಅಂದ್ರು" ಎಂದಳು ಆಕೆ, ಅನ್ನ ಬಡಿಸುತ್ತ.

ಜೀವಮಾನದಲ್ಲಿ ಅಷ್ಟು ನಾಚಿಕೆ ಏಕಾಂತಯ್ಯನವರಿಗೆ ಆಗಿರಲಿಲ್ಲ. ಎದ್ದು ಓಡಿದರೆ ಬಸ್ ಸ್ಟಾಪು ದೂರವೇನಲ್ಲ. ಊರ ತಿರುವಿನಲ್ಲಿ ಬಸ್ಸು ಹಾರನ್ ಹಾಕಿದ್ದು ನಡುಮನೆಗೆ ಚೆನ್ನಾಗಿ ಕೇಳಿಸಿತು. ಆದರೆ ಪಂಕ್ತಿಯಲ್ಲಿ ಹಿರಿಯರು ಉಂಡು ಮುಗಿಸುವ ಮುಂಚೆ ಎಲೆ ಬಿಟ್ಟು ಏಳುವುದು ಅವರ ಮನೆತನದಲ್ಲಿ ಯಾರೂ ಮಾಡದ ಕೆಲಸ. ಕಲಸಿದ ಅನ್ನದಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದರು. ಬಸ್ಸು ನಿಂತ ಸದ್ದಾಯಿತು, ಹೊರಟ ಸದ್ದಾಯಿತು. ತೋಂಟದಾರ್ಯನವರು ಎಲೆಯ ಮೇಲೆ ಅನ್ನದ ಗುಂಡಿ ಮಾಡಿಕೊಂಡು, ಇನ್ನೊಂದು ಸಲ ಮಜ್ಜಿಗೆ ಬರಲಿ ಎಂದರು.